ಡಬ್ಬಿಯ ಮಾಂಸಕ್ಕೆ ಉಣ್ಣುವವರು ಇಟ್ಟ ಹೆಸರುಗಳು

ಅನ್ನದೋಷಗಳನ್ನು ವಿಂಗಡಿಸುವ ಸಂದರ್ಭದಲ್ಲಿ ಧರ್ಮಶಾಸ್ತ್ರದ ನಿಬಂಧಕಾರರು ಜಾತಿದುಷ್ಟ, ಕ್ರಿಯಾದುಷ್ಟ, ಕಾಲದುಷ್ಟ, ಸಂಸರ್ಗದುಷ್ಟ ಮೊದಲಾದವುಗಳೊಡನೆ ‘ಸಹೃಲ್ಲೇಖ’ವೆಂಬ ಒಂದು ಬಗೆಯನ್ನೂ ಹೇಳಿರುವರು. ಯಾವ ಅನ್ನವನ್ನು ಕುರಿತು ಉಣ್ಣುವವನ ಹೃದಯದಲ್ಲಿ ಶಂಕೆ ಹುಟ್ಟುವುದೋ ಅದು ಸಹೃಲ್ಲೇಖ. ಉಳಿದ ದೋಷಗಳು ಪದಾರ್ಥವನ್ನು ಆಶ್ರಯಿಸಿರತಕ್ಕವು. ಇದೊಂದು ಮಾತ್ರ ಭೋಕ್ತೃವಿನ ಮನಸ್ಸನ್ನು ಆಶ್ರಯಿಸಿರುವುದು. ಪಾಶ್ಚಾತ್ಯ ದೇಶಗಳಲ್ಲಿ ತಗಡಿನ ಡಬ್ಬಿಯ ಅಗ್ಗದ ಮಾಂಸವನ್ನು ತಿಂದ ಜನರು ಅದಕ್ಕೆ ಇಟ್ಟ ಅಡ್ಡಹೆಸರುಗಳನ್ನು ಪರಿಶೀಲಿಸಿದರೆ ಈ ವಿಭಾಗವು ಎಂತಹ ಲೋಕಾನುಭವದಿಂದ ಹುಟ್ಟಿದುದೆಂಬುದು ತಿಳಿಯುವುದು. ಮುಚ್ಚಿದ ಡಬ್ಬಿಯೊಳಗಿನ ವಸ್ತುವಿನ ರೂಪವಾಗಲಿ ಗಂಧವಾಗಲಿ ಕೊಳ್ಳುವವನಿಗೆ ಪ್ರತ್ಯಕ್ಷವಲ್ಲ. ಅಲ್ಲಿ ಶಬ್ದವೊಂದೇ ಪ್ರಮಾಣ. ಮೇಲೆ ಅಂಟಿಸಿದ ಚೀಟಿಯೇ ಆಪ್ತವಾಕ್ಯ. ಆ ಚೀಟಿ ಬರೆದವನು ಆಪ್ತನಲ್ಲವೆಂದು ಒಮ್ಮೆ ಗೊತ್ತಾದ ಮೇಲೆ, ಉಣ್ಣುವವನು ತನ್ನದೇ ಆದ ಶಬ್ದವನ್ನು ಆ ಡಬ್ಬಿಗೆ ಅಂಟಿಸುವನು.

ಆಹಾರವನ್ನು ಭದ್ರವಾಗಿ ಮುಚ್ಚಿ ಕುದಿಸಿ ಕೆಡದಂತೆ ಇಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. 1813ರ ವೇಳೆಗೆ ಲಂಡನ್ನಿನ ಬರ್ಮಂಡ್ಸಿಯಲ್ಲಿದ್ದ ಡಾಂಕಿನ್ ಮತ್ತು ಹಾಲ್ ಎಂಬವರ ಕಾರ್ಖಾನೆಯಿಂದ ಬ್ರಿಟಿಷ್ ನೌಕಾಪಡೆಗೆ ತಗಡಿನ ಡಬ್ಬಿಯ ಮಾಂಸವು ಹೋಗತೊಡಗಿತ್ತು. ಮೊದಮೊದಲು ಅದು ದುಬಾರಿಯಾದ ಪದಾರ್ಥ, ರೋಗಿಗಳಿಗೆ ಮೀಸಲು. ಅಗ್ಗವಾದಂತೆಲ್ಲ ಕೇಡೂ ಬಂದಿತು. ಸ್ಟೀಫನ್ ಗೋಲ್ಡ್ನರ್ ಎಂಬ ಗುತ್ತಿಗೆದಾರನು ಕೂಲಿಯೂ ದನವೂ ಸುಲಭವಾಗಿ ದೊರೆಯುತ್ತಿದ್ದ ಮೊಲ್ಡೇವಿಯದ ಗಾಲಾಟ್ಸ್ ಪಟ್ಟಣದಲ್ಲಿ ಕಾರ್ಖಾನೆಯನ್ನಿಟ್ಟು ಕಡಮೆ ಬೆಲೆಗೆ ನೌಕಾಪಡೆಗೆ ಮಾಂಸವನ್ನು ಒದಗಿಸುತ್ತಿದ್ದನು. 1852ರ ಜನವರಿಯಲ್ಲಿ ಅವನ ಡಬ್ಬಿಗಳನ್ನು ಪೋರ್ಟ್ಸ್‌ಮತ್ ಬಳಿಯ ಗಾಸ್ಪೋರ್ಟಿನ ಉಗ್ರಾಣದಲ್ಲಿ ತೆರೆದು ನೋಡಲಾಯಿತು. ಆಗ ಹೊರಬಿದ್ದ ವರದಿಯಂತೆ 306 ಡಬ್ಬಿಗಳಲ್ಲಿ ತಿನ್ನಲು ಯೋಗ್ಯವಾಗಿದ್ದುವು ಕೇವಲ 42. ಉಳಿದವುಗಳಲ್ಲಿ ಕೊಳೆತ ಮಾಂಸದೊಡನೆ ಕರುಳು ಮುಂತಾದ ತ್ಯಾಜ್ಯಭಾಗಗಳೂ ಇದ್ದುವು. ದುರ್ಗಂಧವನ್ನು ತಾಳಲಾರದೆ ಪರೀಕ್ಷಕರು ಮತ್ತೆ ಮತ್ತೆ ಕೆಲಸ ನಿಲ್ಲಿಸಬೇಕಾಯಿತಂತೆ. ಡಬ್ಬಿಗಳನ್ನು ದೊಡ್ಡದಾಗಿ ಮಾಡಿದ್ದರಿಂದ ಕುದಿಯುವ ನೀರಿನ ಕಾವು ನಡುಭಾಗಕ್ಕೆ ಮುಟ್ಟದೆ ಹೋದುದು ಮುಖ್ಯ ಕಾರಣ. ಅರ್ಥಾತ್ ಇದು ಕ್ರಿಯಾದೋಷ. ಆದರೆ ಸೂಕ್ಷ್ಮಜೀವಿಗಳನ್ನು ಕುರಿತ ಪಾಸ್ತರನ ಸಂಶೋಧನೆಗಳು ಇನ್ನೂ ಬಂದಿರದ ಆ ಕಾಲದಲ್ಲಿ ಜನರಿಗೆ ಕಂಡದ್ದು ಗುತ್ತಿಗೆದಾರನ ವಂಚನೆ ಮಾತ್ರ. ಪಾರ್ಲಿಮೆಂಟಿನ ಸಮಿತಿ ಕುಳಿತಿತು. ಗೋಲ್ಡ್ನರನ ವ್ಯಾಪಾರ ಮುಗಿಯಿತು. ಡಬ್ಬಿಯ ಮೇಲಿನ ಅಪನಂಬಿಕೆಯು ಮಾತ್ರ ಮುಗಿಯಲಿಲ್ಲ.

ಇಂತಹ ಸುದ್ದಿ ಕೇಳಿದ ಗೃಹಸ್ಥನ ಪ್ರತಿಕ್ರಿಯೆ ಸರಳವಾದುದು: ಅವನು ಕೊಳ್ಳುವುದನ್ನು ನಿಲ್ಲಿಸುವನು. ಅಪ್ಟನ್ ಸಿಂಕ್ಲೇರನು ಷಿಕಾಗೋ ಕಸಾಯಿಖಾನೆಗಳ ಕೂಲಿಗಾರರ ಸಂಕಟವನ್ನು ಲೋಕಕ್ಕೆ ಸಾರಬೇಕೆಂದು ‘ದಿ ಜಂಗಲ್’ ಎಂಬ ಕಾದಂಬರಿಯನ್ನು 1906ರಲ್ಲಿ ಪ್ರಕಟಿಸಿದಾಗ, ಓದುಗರು ಕೂಲಿಗಾರನಿಗಾಗಿ ಮರುಗುವುದಕ್ಕೆ ಮುಂಚೆ ತಮ್ಮ ತಟ್ಟೆಯನ್ನು ನೋಡಿಕೊಂಡರು. ಕವಿಯ ವಿವಕ್ಷೆ ಕರುಣ. ಸಹೃದಯರಲ್ಲಿ ಹುಟ್ಟಿದ್ದು ಜುಗುಪ್ಸೆ. ರಸಾಭಿವ್ಯಕ್ತಿಯು ಕವಿಯ ಅಧೀನವಲ್ಲವೆಂಬುದಕ್ಕೆ ಸಾಹಿತ್ಯಾಧ್ಯಾಪಕರು ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಡಬ್ಬಿಯ ಮಾಂಸದ ಮಾರಾಟವು ಇಳಿಯಿತು. ಅದೇ ವರ್ಷದ ಜೂನ್ 30ರಂದು ಮಾಂಸಪರೀಕ್ಷೆಯ ಶಾಸನಕ್ಕೆ ಅಮೆರಿಕದಲ್ಲಿ ಅಂಕಿತ ಬಿದ್ದಿತು. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಅರ್ಜೆಂಟೀನದಿಂದ ಬಂದ ಗೋಮಾಂಸದ ಡಬ್ಬಿಯಿಂದ ವಿಷಮಶೀತಜ್ವರ ಹರಡಿದಾಗಲೂ ಹೀಗೆಯೇ. ಕುದಿಸಿದ ಡಬ್ಬಿಯನ್ನು ಶುದ್ಧಿಮಾಡದ ನದಿಯ ನೀರಿನಲ್ಲಿ ತಣಿಸುವಾಗ ಬೆಸುಗೆಯ ಸಂದಿನಿಂದ ರೋಗಾಣು ಒಳಹೊಕ್ಕಿತ್ತೆಂದು ನಿರ್ಣಯಿಸಲಾಯಿತು. ಅಂಗಡಿಯಲ್ಲಿ ಅದನ್ನು ಕೊಯ್ದ ಯಂತ್ರದಿಂದ ಇತರ ಮಾಂಸಕ್ಕೂ ತಗುಲಿ ನಾನೂರಕ್ಕೂ ಮಿಕ್ಕ ಜನರು ಹಾಸಿಗೆ ಹಿಡಿದರು. ಇದು ಶುದ್ಧ ಸಂಸರ್ಗದೋಷ. ರೋಗ ಅಡಗಿದ ಮೇಲೆ ಊರಿನ ಮೇಲಿನ ಶಂಕೆಯನ್ನು ಕಳೆಯಲು ರಾಣಿ ಎಲಿಜಬೆತ್ತಳೇ ಅಲ್ಲಿಗೆ ಬಂದುಹೋಗಬೇಕಾಯಿತು.

ಕೊಳ್ಳದೆ ಬಿಡುವ ಸ್ವಾತಂತ್ರ್ಯವಿಲ್ಲದವರ ಮಾತು ಬೇರೆ. ಸಿಪಾಯಿಯೂ ನಾವಿಕನೂ ಬಡಿಸಿದ್ದನ್ನು ಉಣ್ಣಬೇಕಾದವರು. ಅವರಿಗೆ ಉಳಿದದ್ದು ನಾಮಕರಣದ ಅಧಿಕಾರವೊಂದೇ. ಆಂಗ್ಲ ಸಿಪಾಯಿಗಳ ‘ಬುಲ್ಲಿ ಬೀಫ್’ ಎಂಬಲ್ಲಿ ನಿಂದೆಯಿಲ್ಲ. ಬೇಯಿಸಿದ ಮಾಂಸವೆಂಬ ಅರ್ಥದ ಫ್ರೆಂಚ್ ‘ಬುಯಿ’ ಶಬ್ದದ ಅಪಭ್ರಂಶವದು. ಆದರೆ ಅದೇ ಬಗೆಯ ಮಾಂಸವನ್ನು ಫ್ರೆಂಚ್ ಸಿಪಾಯಿಗಳು ‘ಸ್ಯಾಂಜ್’, ಎಂದರೆ ಕೋತಿ, ಎಂದು ಕರೆದರು. ಎರಡನೆಯ ಮಹಾಯುದ್ಧದಲ್ಲಿ ಆಫ್ರಿಕದ ಮರಳುಗಾಡಿನಲ್ಲಿದ್ದ ಇಟಲಿಯ ಡಬ್ಬಿಗಳ ಮೇಲೆ ‘ಎ ಎಂ’ ಎಂದು ಅಚ್ಚೊತ್ತಿತ್ತು. ಅದು ಸೈನ್ಯಾಡಳಿತವೆಂಬುದರ ಸಂಕೇತ. ಜರ್ಮನರು ಆ ಎರಡಕ್ಷರಗಳನ್ನು ‘ಆಲ್ಟರ್ ಮಾನ್’, ಮುದುಕ, ಎಂದು ಬಿಡಿಸಿದರು. ಇಟಲಿಯವರು ‘ಆರಾಬೊ ಮೊರ್ತೊ’, ಸತ್ತ ಅರಬ, ಎಂದರು. ಯಾಸ್ಕನೂ ಒಂದೇ ಪದವನ್ನು ಹಲವು ವಿಧವಾಗಿ ಬಿಡಿಸಿ ತೋರಿಸಿರುವನು. ಹಸಿವೆಯಿಂದ ಹುಟ್ಟಿದ ಈ ನಿರುಕ್ತವು ಅವನ ಲೆಕ್ಕಕ್ಕೆ ಬಂದಿರಲಾರದು. 1898ರ ಸ್ಪೇನ್ ಯುದ್ಧದ ತರುವಾಯ ಅಮೆರಿಕದ ಸೇನಾನಿ ನೆಲ್ಸನ್ ಮೈಲ್ಸ್, ಶೈತ್ಯದಲ್ಲಿಟ್ಟು ಸಾಗಿಸಿದ ಮಾಂಸವನ್ನು ಕುರಿತು, ಶವಕ್ಕೆ ಔಷಧಿ ಹಾಕಿ ಕಾಪಾಡಿದಂತೆ ಇದನ್ನು ಕಾಪಾಡಿರುವರೆಂದು ದೂರಿದನು. ರಾಸಾಯನಿಕವನ್ನು ಬಳಸಿದ್ದಕ್ಕೆ ಪ್ರಮಾಣವಿಲ್ಲವೆಂದು 1899ರಲ್ಲಿ ವಿಚಾರಣಾ ಮಂಡಲಿ ತೀರ್ಮಾನಿಸಿತು. ಆದರೂ ಜನರು ಆ ಹೆಸರನ್ನು ಡಬ್ಬಿಯ ಮಾಂಸಕ್ಕೂ ಅಂಟಿಸಿ ಬಿಡದೆ ಹಿಡಿದುಕೊಂಡರು. ಸಹೃಲ್ಲೇಖವನ್ನು ತೀರ್ಪಿನಿಂದ ತೊಳೆಯಲಾಗದು.

ಇವೆಲ್ಲಕ್ಕಿಂತ ಘೋರವಾದ ಹೆಸರು ಬ್ರಿಟಿಷ್ ನಾವಿಕರದು. 1867ರ ಆಗಸ್ಟ್ 24ರಂದು ಹ್ಯಾಂಪ್‌ಷೈರಿನ ಆಲ್ಟನ್ ಎಂಬ ಊರಿನಲ್ಲಿ ಫ್ಯಾನಿ ಆಡಮ್ಸ್ ಎಂಬ ಎಂಟು ವರ್ಷದ ಬಾಲಿಕೆಯನ್ನು ವಕೀಲನ ಗುಮಾಸ್ತನೊಬ್ಬನು ಕೊಂದು ತುಂಡರಿಸಿದನು. ಆ ವರ್ಷ ಮುಗಿಯುವುದರೊಳಗೆ ಅವನನ್ನು ಗಲ್ಲಿಗೇರಿಸಲಾಯಿತು. ನೌಕಾಪಡೆಯಲ್ಲಿ ಡಬ್ಬಿಯ ಕುರಿಮಾಂಸವನ್ನು ಕೊಡತೊಡಗಿದ್ದು ಅದೇ ಕಾಲದಲ್ಲಿ. ಆ ಮಾಂಸಕ್ಕೆ ನಾವಿಕರು ಕೊಟ್ಟ ಹೆಸರು ‘ಫ್ಯಾನಿ ಆಡಮ್ಸ್’. ಬೀಭತ್ಸವು ಕ್ಷೋಭಜವೆಂದೂ ಉದ್ವೇಗಿಯೆಂದೂ ಎರಡು ಬಗೆಯೆಂದು, ಮೊದಲನೆಯದು ರಕ್ತಾದಿಗಳಿಂದಲೂ ಎರಡನೆಯದು ಕ್ರಿಮಿ ಮೊದಲಾದವುಗಳಿಂದಲೂ ಹುಟ್ಟುವುದೆಂದು ಭರತನ ಮತ. ಈ ಹೆಸರಿನಲ್ಲಿ ಎರಡೂ ಕೂಡಿವೆ. ಅದರ ಮೇಲೆ ಪರಸ್ಪರವಿರೋಧಿಗಳೆಂದು ಆಲಂಕಾರಿಕರು ಹೇಳುವ ಹಾಸ್ಯಕರುಣಗಳೂ ಒಂದೇ ಪದದಲ್ಲಿ ಸೇರಿ, ಯಾವುದೂ ಯಾವುದನ್ನೂ ಶಮನಗೊಳಿಸದೆ ನಿಂತಿವೆ. ಇದನ್ನು ಕ್ರೂರ ಪರಿಹಾಸವೆಂದು ತಳ್ಳಿಹಾಕುವುದು ಸುಲಭ, ಕ್ರೂರವೆಂಬುದೂ ನಿಜವೇ. ಆದರೆ ಗೋಲ್ಡ್ನರನ ಡಬ್ಬಿಗಳ ನೆನಪಿದ್ದವನಿಗೆ, ಒಳಗಿರುವುದು ಏನೆಂಬ ಪ್ರಶ್ನೆಗೆ ಮೇಲಧಿಕಾರಿಗಳು ಕೊಡದ ಉತ್ತರವನ್ನು ಆ ಹೆಸರು ಕೊಟ್ಟಿತು.

ಮುಂದೆ ಆ ಶಬ್ದದ ಅರ್ಥವು ಸವೆಯುತ್ತ ಹೋಯಿತು. ಬರಿದಾದ ಆ ಡಬ್ಬಿಗಳಲ್ಲೇ ನಾವಿಕರು ಅನ್ನಪಾನಗಳನ್ನು ಹಾಕಿಸಿಕೊಳ್ಳುತ್ತಿದ್ದುದರಿಂದ ಹಡಗಿನ ಊಟದ ಪಾತ್ರೆಗೇ ‘ಫ್ಯಾನಿ’ ಎಂಬ ಹೆಸರು ನಿಂತಿತು. ‘ಸ್ವೀಟ್ ಫ್ಯಾನಿ ಆಡಮ್ಸ್’ ಎಂಬುದು ಮೊದಲು ನಿಸ್ಸಾರವಾದುದು, ಬಳಿಕ ಏನೂ ಇಲ್ಲದ್ದು ಎಂಬ ಅರ್ಥಕ್ಕೆ ಇಳಿಯಿತು. ಇಂದು ಅದನ್ನಾಡುವ ಆಂಗ್ಲರಲ್ಲಿ ಅನೇಕರು ಮಾಂಸವನ್ನೂ ಅರಿಯರು, ಮಗುವನ್ನೂ ಅರಿಯರು. ಆಲ್ಟನ್ನಿನ ಸ್ಮಶಾನದಲ್ಲಿ ಜನರ ಚಂದಾಹಣದಿಂದ 1874ರಲ್ಲಿ ನಿಲ್ಲಿಸಿದ ಸಮಾಧಿಶಿಲೆಯ ಮೇಲೆ ಮಾತ್ರ ಆ ಹೆಸರು ಆ ಬಾಲಿಕೆಯದಾಗಿಯೇ ಉಳಿದಿದೆ.