ಊಟದ ಮೇಜಿನ ಮೇಲೆ ಫ್ಲಟರ್

ಸಾಗರದ ಕಡೆ ಆಷಾಢದ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಹೆಂಚಿನ ಮಾಡಿನ ಆ ಮನೆಯಲ್ಲಿ ಸಿಗ್ನಲ್ ನೆಟ್ಟಗೆ ಸಿಗುವುದು ಕಿಟಕಿಯ ಹತ್ತಿರ ಮಾತ್ರ. ಹಾಗಾಗಿ ಊಟದ ಮೇಜನ್ನೇ ಅಲ್ಲಿಗೆ ಎಳೆದಿದ್ದಾರೆ. ಕಿಟಕಿಯ ಸರಳಿಗೆ ಒರಗಿಸಿದ ಫೋನು ಹಾಟ್‌ಸ್ಪಾಟ್. ಮೇಜಿನ ಮೇಲೆ 8 ಜಿಬಿ ರ‍್ಯಾಮಿನ ವಿಂಡೋಸ್ ಲ್ಯಾಪ್‌ಟಾಪ್, ಪಕ್ಕದಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಪುಸ್ತಕ ಅಮ್ಮನದು, ಲ್ಯಾಪ್‌ಟಾಪ್ ಮಗಳದು.

ಅಮ್ಮ ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು. ವಾರದ ಉಳಿತಾಯ, ಸಾಲದ ಕಂತು, ಬಡ್ಡಿ ಎಲ್ಲವೂ ಆ ಪುಸ್ತಕದಲ್ಲೇ. ಸದಸ್ಯೆಯರು ತಮ್ಮ ಸಾಲ ಎಷ್ಟು ತೀರಿತೆಂದು ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡುತ್ತಾರೆ. ಡಿಪ್ಲೊಮಾ ಓದುತ್ತಿರುವ ಮಗಳು ಆ ಲೆಕ್ಕವನ್ನು ಅವರವರ ಫೋನಿನಲ್ಲೇ ತೋರಿಸುವ ಆ್ಯಪ್ ಮಾಡಲು ಹೊರಟಿದ್ದಾಳೆ. ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್. ಒಬ್ಬಿಬ್ಬರಿಗೆ ಬೆಂಗಳೂರಿನ ಮಕ್ಕಳು ತಮ್ಮ ಹಳೆಯ ಐಫೋನ್ ಕೊಟ್ಟಿದ್ದಾರೆ. ಎರಡಕ್ಕೂ ಬೇರೆ ಬೇರೆ ಬರೆಯುವಷ್ಟು ಪುರುಸೊತ್ತು ಯಾರಿಗಿದೆ? ಒಮ್ಮೆ ಬರೆದು ಎರಡರಲ್ಲೂ ಓಡಿಸಬಹುದೆಂದು ಫ್ಲಟರ್ ಎಂಬ ಸಾಧನ ಆರಿಸಿಕೊಂಡಿದ್ದಾಳೆ. ಗೂಗಲ್ ಇದರ 1.0 ಆವೃತ್ತಿಯನ್ನು 2018ರ ಡಿಸೆಂಬರಿನಲ್ಲಿ ಹೊರತಂದಿತು. ಬರೆಯುವುದು ಡಾರ್ಟ್ ಭಾಷೆಯಲ್ಲಿ. ಬೆಲೆ ಇಲ್ಲ.

ಖರ್ಚಾಗುವುದು ಡೇಟಾ. ಆಂಡ್ರಾಯ್ಡಿಗೆ ಆ್ಯಪ್ ಕಟ್ಟಲು ಬೇಕಾದ ಆಂಡ್ರಾಯ್ಡ್ ಸ್ಟುಡಿಯೊ ಒಂದಕ್ಕೇ ಒಂದು ಜಿಬಿಗಿಂತ ಹೆಚ್ಚು ಬೇಕು. ಅದರ ಬೆನ್ನಿಗೆ ಎಸ್‌ಡಿಕೆ, ಬಿಲ್ಡ್ ಟೂಲ್ಸ್ ಎಂಬ ಜೊತೆ ಸಲಕರಣೆಗಳು. ಮಗಳ ಫೋನಿನ ದಿನದ ಡೇಟಾ ಮುಗಿದಾಗ ಅಪ್ಪನ ಫೋನು ಕಿಟಕಿಗೆ ಬಂತು, ಆಮೇಲೆ ಅಮ್ಮನದು. ನಡುವೆ ಕರೆಂಟು ಹೋಗಿ ಬಂತು. ಪರದೆಯ ಮೇಲಿನ ನೀಲಿ ಪಟ್ಟಿ ಮಾತ್ರ ತನ್ನ ಪಾಡಿಗೆ ತೆವಳುತ್ತಿತ್ತು.

ಫ್ಲಟರಿನ ಜಿಪ್ ಕಡತವನ್ನು ಬಿಚ್ಚಿ, ಹೆಸರಿನಲ್ಲಿ ಖಾಲಿ ಜಾಗವಿಲ್ಲದ ಫೋಲ್ಡರಿನಲ್ಲಿ ಇಟ್ಟಾಯಿತು. ಪರದೆಯಲ್ಲಿ ಆದೇಶ ಟೈಪಿಸುವ ಕಪ್ಪು ಕಿಟಕಿ ತೆರೆದು ‘ಫ್ಲಟರ್’ ಎಂದು ಟೈಪಿಸಿದರೆ, ಅಂಥ ಆದೇಶವೇ ಇಲ್ಲ ಎನ್ನುತ್ತದೆ ವಿಂಡೋಸ್. ಡಿಸ್ಕಿನಲ್ಲಿ ಇದ್ದರೆ ಸಾಲದು, ಎಲ್ಲಿದೆ ಎಂದೂ ತಿಳಿಸಬೇಕು. ಅವಳು ಸೆಟ್ಟಿಂಗ್ಸ್ ಒಳಹೊಕ್ಕು, ‘ಪಾತ್’ ಎಂಬ ಸಾಲುಪಟ್ಟಿಗೆ ಫ್ಲಟರಿನ ‘ಬಿನ್’ ಫೋಲ್ಡರಿನ ವಿಳಾಸ ಸೇರಿಸುತ್ತಾಳೆ. ಮತ್ತೆ ಟೈಪಿಸಿದರೂ ಅದೇ ಉತ್ತರ. ಮೊದಲೇ ತೆರೆದಿದ್ದ ಕಿಟಕಿಗೆ ಹೊಸ ವಿಳಾಸ ಗೊತ್ತಾಗುವುದಿಲ್ಲ, ಮುಚ್ಚಿ ತೆರೆಯಬೇಕು. ಎಷ್ಟೋ ಹುಡುಗರು ಕೈಚೆಲ್ಲುವುದು ಇಂಥ ಕಡೆಯೇ. ಕಾಲೇಜಿನ ಲ್ಯಾಬಿನಲ್ಲಿ ಎಲ್ಲ ಹಾಕಿಟ್ಟ ಯಂತ್ರದ ಮುಂದೆ ಕೂರಿಸಿ ನೇರ ಪ್ರೋಗ್ರಾಮಿಗೆ ಇಳಿಸುತ್ತಾರೆ. ಯಂತ್ರವನ್ನು ಅಣಿಮಾಡಿಕೊಳ್ಳುವುದೇ ಮೊದಲ ಪಾಠವಾಗಬೇಕು, ಅದೂ ಕನ್ನಡದಲ್ಲಿ ವಿವರಿಸಿ ಹೇಳುವ ಪಾಠವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ‘ಫ್ಲಟರ್ ಡಾಕ್ಟರ್’ ಸರದಿ. ಈ ಆದೇಶ ಇಡೀ ಯಂತ್ರವನ್ನು ತಪಾಸಣೆ ಮಾಡಿ ಸಾಲುಸಾಲಾಗಿ ವರದಿ ಕೊಡುತ್ತದೆ. ಫ್ಲಟರಿಗೆ ಹಸಿರು ಟಿಕ್. ಕ್ರೋಮಿಗೆ ಹಸಿರು ಟಿಕ್. ಆಂಡ್ರಾಯ್ಡ್ ಟೂಲ್‌ಚೈನ್ ಮುಂದೆ ಹಳದಿ ಉದ್ಗಾರ ಚಿಹ್ನೆ: ಕಮಾಂಡ್‌ಲೈನ್ ಟೂಲ್ಸ್ ಇಲ್ಲ. ವಿಷುಯಲ್ ಸ್ಟುಡಿಯೊ ಮುಂದೆ ಕೆಂಪು ಗುರುತು. ಕೆಂಪು ಕಂಡು ಅಮ್ಮ ಗಾಬರಿಯಾದರು. ಆದರೆ ವಿಷುಯಲ್ ಸ್ಟುಡಿಯೊ ವಿಂಡೋಸಿಗೆ ಆ್ಯಪ್ ಮಾಡುವವರಿಗೆ ಬೇಕಾದ್ದು, ಮೊಬೈಲ್ ಕೆಲಸಕ್ಕೆ ಬೇಡ. ಹಳದಿಯದನ್ನು ಸರಿಮಾಡಲೇಬೇಕು. ಎಸ್‌ಡಿಕೆ ಮ್ಯಾನೇಜರಿನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಇಳಿಸಿಕೊಂಡು, ಲೈಸೆನ್ಸುಗಳಿಗೆ ಒಂದೊಂದಾಗಿ ‘ವೈ’ ಒತ್ತಿ ಒಪ್ಪಿಗೆ ಕೊಟ್ಟ ಮೇಲೆ ಅದೂ ಹಸಿರಾಯಿತು. ಏನು ಕೊರತೆ, ಅದಕ್ಕೇನು ಮಾಡಬೇಕು ಎರಡನ್ನೂ ಒಟ್ಟಿಗೆ ಹೇಳುವ ಈ ವರದಿ ನನಗೆ ತುಂಬ ಹಿಡಿಸಿತು. ಒಬ್ಬಳೇ ಕೂತು ಕಲಿಯುವ ಹುಡುಗಿಗೆ ಇದಕ್ಕಿಂತ ದೊಡ್ಡ ಆಸರೆ ಬೇಕಿಲ್ಲ.

ಲ್ಯಾಪ್‌ಟಾಪಿನೊಳಗೇ ನಕಲಿ ಫೋನು ತೋರಿಸುವ ಎಮ್ಯುಲೇಟರ್ ಇದೆ, ಆದರೆ 8 ಜಿಬಿಗೆ ಅದು ಭಾರ. ಹಾಗಾಗಿ ಅಪ್ಪನ ಫೋನೇ ಪರೀಕ್ಷೆಗೆ. ಅಬೌಟ್ ಫೋನ್ ಒಳಗೆ ಬಿಲ್ಡ್ ನಂಬರಿನ ಮೇಲೆ ಏಳು ಸಲ ತಟ್ಟಿದರೆ ನೀವೀಗ ಡೆವಲಪರ್ ಎಂದು ಫೋನೇ ಸಾರುತ್ತದೆ. ಯುಎಸ್‌ಬಿ ಡೀಬಗ್ಗಿಂಗ್ ಆನ್ ಆಯಿತು, ಕೇಬಲ್ ಚುಚ್ಚಿದ್ದಾಯಿತು. ಫೋನು ಚಾರ್ಜ್ ಆಗುತ್ತಿದೆ, ಲ್ಯಾಪ್‌ಟಾಪಿಗೆ ಮಾತ್ರ ಕಾಣುತ್ತಿಲ್ಲ. ಸಂತೆಯಲ್ಲಿ ಕೊಂಡ ಆ ಕೇಬಲಿನಲ್ಲಿ ಕರೆಂಟಿನ ತಂತಿ ಇದೆ, ಡೇಟಾದ ತಂತಿ ಇಲ್ಲ. ಫೋನಿನ ಡಬ್ಬಿಯಲ್ಲೇ ಬಂದಿದ್ದ ಕೇಬಲ್ ಬೀರುವಿನಿಂದ ಹೊರಬಂದೊಡನೆ, ಈ ಕಂಪ್ಯೂಟರನ್ನು ನಂಬಬಹುದೇ ಎಂದು ಫೋನು ಕೇಳಿತು.

ಮೊದಲ ಬಿಲ್ಡು ನಿಧಾನ. ಕೋಡನ್ನು ಆ್ಯಪ್ ಆಗಿ ಕಟ್ಟುವ ಗ್ರೇಡಲ್ ತನಗೆ ಬೇಕಾದ್ದನ್ನೆಲ್ಲ ಜಾಲದಿಂದ ತರಿಸಿಕೊಳ್ಳುತ್ತದೆ. ಫ್ಯಾನಿನ ಸದ್ದು ಮಳೆಯನ್ನೂ ಮೀರಿಸಿತು. ಕೊನೆಗೂ ಅಪ್ಪನ ಫೋನಿನಲ್ಲಿ ಫ್ಲಟರಿನ ಮಾದರಿ ಆ್ಯಪ್ ಮೂಡಿತು. ಕೆಳಗೊಂದು ಕೂಡು ಗುರುತಿನ ಗುಂಡಿ. ಒತ್ತಿದಷ್ಟೂ ಅಂಕೆ ಏರುತ್ತದೆ. ಅವಳು ತಲೆಬರಹ ಅಳಿಸಿ ‘ಸ್ತ್ರೀಶಕ್ತಿ’ ಎಂದು ಬರೆದು ಸೇವ್ ಮಾಡಿದಳು. ಹಾಟ್ ರೀಲೋಡ್ ಎಂದರೆ ಇದೇ: ಆ್ಯಪ್ ಮುಚ್ಚಲಿಲ್ಲ, ಏರಿದ ಅಂಕೆ ಸೊನ್ನೆಯಾಗಲಿಲ್ಲ, ತಲೆಬರಹ ಮಾತ್ರ ಬದಲಾಯಿತು. ಸಕಾರದ ಮೇಲೆ ಗುಡಿಸು, ಕೆಳಗೆ ತಾವೊತ್ತು, ರಾವೊತ್ತು, ಬಲಕ್ಕೆ ದೀರ್ಘ, ಒಂದೂ ಜಾಗ ತಪ್ಪಿಲ್ಲ. ಆಂಡ್ರಾಯ್ಡಿಗೆ ಕನ್ನಡದ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳನ್ನು ನೋಡಿದವರಿಗೆ ಈ ಒಂದು ಪದದ ಬೆಲೆ ಗೊತ್ತು.

ಐಫೋನಿನ ಬಾಗಿಲು ಇನ್ನೂ ತೆರೆದಿಲ್ಲ. ಬರೆದ ಕೋಡ್ ಅದೇ ಆದರೂ, ಐಫೋನಿಗೆ ಕಟ್ಟಲು ಎಕ್ಸ್‌ಕೋಡ್ ಬೇಕು, ಎಕ್ಸ್‌ಕೋಡ್ ಓಡುವುದು ಮ್ಯಾಕಿನಲ್ಲಿ ಮಾತ್ರ. ಆಪ್ ಸ್ಟೋರಿಗೆ ಹಾಕಬೇಕೆಂದರೆ ವರ್ಷಕ್ಕೆ 99 ಡಾಲರ್. ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು. ಹಳ್ಳಿಯ ಸಂಘಕ್ಕೆ ಈ ಅಂತರ ಸಣ್ಣದಲ್ಲ. ಸದ್ಯಕ್ಕೆ ಆಂಡ್ರಾಯ್ಡ್ ಮುಗಿಸಿ, ಆಮೇಲೆ ಬೆಂಗಳೂರಿನಲ್ಲಿ ಯಾರದಾದರೂ ಮ್ಯಾಕ್ ಸಿಗುತ್ತದೆಯೇ ನೋಡುವುದೆಂದು ಅವಳು ತೀರ್ಮಾನಿಸಿದ್ದಾಳೆ.

ಅಮ್ಮ ಕನ್ನಡಕ ಏರಿಸಿ ಲೆಕ್ಕದ ಪುಸ್ತಕ ಹತ್ತಿರ ಎಳೆದುಕೊಂಡರು.

“ಪುಟ್ಟಿ, ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು. ಮಧ್ಯೆ ಯಾರಾದ್ರೂ ಅಸಲು ಕಟ್ಟಿದ್ರೆ, ಅಲ್ಲಿಂದ ಮುಂದಕ್ಕೆ ಉಳಿದ ಅಸಲಿಗೆ ಮಾತ್ರ ಬಡ್ಡಿ. ಅದು ಇದಕ್ಕೆ ಗೊತ್ತಾಗುತ್ತಾ?”

“ಅದನ್ನ ನಾನೇ ಬರೀಬೇಕಮ್ಮ. ನೀನು ಲೆಕ್ಕ ಹಾಕೋ ಹಾಗೇ ಒಂದೊಂದಾಗಿ ಹೇಳ್ತಾ ಹೋಗು.”