ರಾಗಿ–ಬಾಳೆಹಣ್ಣಿನ ಮಫಿನ್: ಶೇಂಗಾ ಬೀಜ ಆರಿಸಿ ಹಾಕಿರಿ

ಬಾಳೆಗೊನೆ ಒಮ್ಮೆಲೇ ಹಣ್ಣಾದಾಗ ಮನೆಮಂದಿ ತಿಂದು ಉಳಿದದ್ದು ಎರಡು ಮೂರು ದಿನಗಳಲ್ಲಿ ಕಪ್ಪಾಗಿ ಕೊಟ್ಟಿಗೆ ಸೇರುತ್ತದೆ. ಹೀಗೆ ಅತಿಯಾಗಿ ಮಾಗಿದ ಹಣ್ಣು, ರಾಗಿ ಹಿಟ್ಟು ಹಾಗೂ ಶೇಂಗಾ ಬೀಜಗಳಿಂದ ಮನೆಯಲ್ಲೇ ಮಫಿನ್ ತಯಾರಿಸಬಹುದು. ಮಫಿನ್ ಎಂದರೆ ಸಣ್ಣ ಬಟ್ಟಲುಗಳಲ್ಲಿ ಬೇಯಿಸಿದ, ಕೇಕಿನಂತಹ ಮೆತ್ತನೆಯ ತಿನಿಸು.

ರಾಗಿ ಹೇಗೆ ಹೊಂದುತ್ತದೆ?

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಆದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಸಸಾರಜನಕ ರಾಗಿಯಲ್ಲಿಲ್ಲ. ಆದ್ದರಿಂದ ಬರಿ ರಾಗಿಯಿಂದ ಬ್ರೆಡ್ ಉಬ್ಬುವುದಿಲ್ಲ. ಮಫಿನ್‌ಗೆ ಅಷ್ಟು ಅಂಟು ಬೇಕಿಲ್ಲ. ಅರ್ಧದಷ್ಟು ರಾಗಿ ಬೆರೆಸಬಹುದು. ಮೊಸರಿನ ಹುಳಿಯೊಡನೆ ಸೋಡಾ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹೊರಬಂದು ಹಿಟ್ಟನ್ನು ಉಬ್ಬಿಸುತ್ತದೆ.

ಬೇಕಾಗುವ ಸಾಮಗ್ರಿಗಳು (8–10 ಮಫಿನ್‌ಗಳಿಗೆ)

ರಾಗಿ ಹಿಟ್ಟು – 100 ಗ್ರಾಂ
ಗೋಧಿ ಹಿಟ್ಟು ಅಥವಾ ಮೈದಾ – 100 ಗ್ರಾಂ
ಬೆಲ್ಲದ ಪುಡಿ – 100 ಗ್ರಾಂ
ಕಿವುಚಿದ ಬಾಳೆಹಣ್ಣು – 200 ಗ್ರಾಂ
ಮೊಸರು – 100 ಮಿ.ಲೀ.
ಅಡುಗೆ ಎಣ್ಣೆ – 60 ಮಿ.ಲೀ.
ಹುರಿದು ಸಿಪ್ಪೆ ತೆಗೆದ ಶೇಂಗಾ ಬೀಜದ ಚೂರು – 50 ಗ್ರಾಂ
ಒಣದ್ರಾಕ್ಷಿ – 30 ಗ್ರಾಂ
ಬೇಕಿಂಗ್ ಪೌಡರ್ – 1 ಟೀ ಚಮಚ
ಅಡುಗೆ ಸೋಡಾ – ಅರ್ಧ ಟೀ ಚಮಚ
ಉಪ್ಪು – ಚಿಟಿಕೆ

ಮಾಡುವ ವಿಧಾನ

ಹಿಟ್ಟುಗಳು, ಸೋಡಾ, ಬೇಕಿಂಗ್ ಪೌಡರ್ ಮತ್ತು ಉಪ್ಪನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿಯಬೇಕು. ಇನ್ನೊಂದು ಪಾತ್ರೆಯಲ್ಲಿ ಬಾಳೆಹಣ್ಣು, ಬೆಲ್ಲ, ಮೊಸರು, ಎಣ್ಣೆ ಕಲಸಬೇಕು. ನಂತರ ಎರಡನ್ನೂ ಸೇರಿಸಿ, ಒಣ ಹಿಟ್ಟು ಕಾಣದಂತಾದೊಡನೆ ಕಲಸುವುದನ್ನು ನಿಲ್ಲಿಸಬೇಕು. ಹೆಚ್ಚು ಕಲಸಿದರೆ ಗೋಧಿಯ ಅಂಟು ಬಲಿತು ಮಫಿನ್ ಗಟ್ಟಿಯಾಗುತ್ತದೆ. ಹಿಟ್ಟು ತೀರ ಗಟ್ಟಿಯೆನಿಸಿದರೆ ಎರಡು ಮೂರು ಚಮಚ ಹಾಲು ಸೇರಿಸಬಹುದು. ಕೊನೆಗೆ ಶೇಂಗಾ, ದ್ರಾಕ್ಷಿ ಬೆರೆಸಿ, ಎಣ್ಣೆ ಸವರಿದ ಬಟ್ಟಲುಗಳಿಗೆ ಮುಕ್ಕಾಲು ಭಾಗ ತುಂಬಿ, ತಡಮಾಡದೆ ಬೇಯಿಸಬೇಕು.

ಓವನ್ ಇದ್ದಲ್ಲಿ 180 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 20–25 ನಿಮಿಷ ಸಾಕು. ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಎತ್ತರ ಒಣ ಮರಳು ಹರಡಿ, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಒಳಗೆ ಸಿಂಬೆಯಂತಹ ಆಸರೆಯ ಮೇಲೆ ಬಟ್ಟಲುಗಳನ್ನಿಟ್ಟು ಸಣ್ಣ ಉರಿಯಲ್ಲಿ 35–40 ನಿಮಿಷ ಬೇಯಿಸಬೇಕು. ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆಯೆಂದು ತಿಳಿಯಬೇಕು.

ಮುಖ್ಯ ಎಚ್ಚರಿಕೆ

ಒಳ್ಳೆಯ ಶೇಂಗಾ ಮಾರಿ, ಮುರುಟಿದ, ಬಣ್ಣಗೆಟ್ಟ ಬೀಜಗಳನ್ನು ಮನೆಬಳಕೆಗೆ ಇಟ್ಟುಕೊಳ್ಳುವ ರೂಢಿ ಹಲವೆಡೆ ಇದೆ. ಇದು ಅಪಾಯಕರ. ಇಂತಹ ಬೀಜಗಳಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಹುದು. ಇದು ಯಕೃತ್ತಿಗೆ ಹಾನಿಕರ. ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಬೂಷ್ಟು ತೊಳೆದರೂ ವಿಷ ಹೋಗುವುದಿಲ್ಲ. ದನಗಳಿಗೆ ಹಾಕಿದರೆ ಹಾಲಿನಲ್ಲಿಯೂ ಬರುತ್ತದೆ. ಆದ್ದರಿಂದ ಇಂತಹ ಬೀಜಗಳನ್ನು ಹುರಿಯುವ ಮೊದಲೇ ಆರಿಸಿ ನಾಶಪಡಿಸಬೇಕು.

ಕಾಯಿ ಬಲಿಯುವ ಕಾಲದಲ್ಲಿ ಬರ ಬಿದ್ದರೆ ಈ ಶಿಲೀಂಧ್ರದ ಬಾಧೆ ಹೆಚ್ಚು. ಬೆಳೆಯನ್ನು ಸಕಾಲಕ್ಕೆ ಕಿತ್ತು, ಒಡೆದ ಕಾಯಿ ಬೇರ್ಪಡಿಸಿ, ಅಲುಗಿಸಿದಾಗ ಬೀಜ ಗಲಗಲ ಸದ್ದು ಮಾಡುವಷ್ಟು ಒಣಗಿಸಿ, ತೇವ ತಗುಲದಂತೆ ಇಡಬೇಕು.

ವಿಸ್ತರಣಾ ಕಾರ್ಯಕರ್ತರು ಗ್ರಾಮಗಳಲ್ಲಿ ಈ ತಿನಿಸಿನ ಪ್ರಾತ್ಯಕ್ಷಿಕೆ ನಡೆಸುವಾಗ ಮೊದಲ ಹತ್ತು ನಿಮಿಷವನ್ನು ಬೀಜ ಆರಿಸಿ ತೋರಿಸಲು ಮೀಸಲಿಡುವುದು ಒಳಿತು.