ಕಾಡಿಗೆ ದೋಣಿಯೋ, ಲಾಡ್ಜೋ? ಮೊದಲು ನೀರನ್ನು ಕೇಳಿ

ಮಾರ್ಚ್ ಬಂತೆಂದರೆ ಡೊಂಬಿವಲಿ, ಥಾಣೆ, ಕಲ್ಯಾಣದ ಕನ್ನಡದ ಮನೆಗಳಲ್ಲಿ ಎರಡು ಮಾತು ಶುರುವಾಗುತ್ತವೆ. ಒಂದು, ಊರಿಗೆ ಟಿಕೆಟ್ ಆಯಿತೇ? ಇನ್ನೊಂದು, ಹೇಗೂ ಊರಿಗೆ ಹೋಗುತ್ತೇವಲ್ಲ, ಹಾಗೇ ಎರಡು ದಿನ ಕಾಡಿಗೂ ಹೋಗಿಬಂದರೆ ಹೇಗೆ? ಎರಡನೆಯದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ಆಮೇಲೆ ಮನೆ ಎರಡು ಪಕ್ಷವಾಗುತ್ತದೆ. ಮಕ್ಕಳಿಗೆ ದೋಣಿ ಬೇಕು: ನದಿಯಲ್ಲಿ ತೇಲುತ್ತಾ ದಡದ ಆನೆ ನೋಡಬೇಕು. ದೊಡ್ಡವರಿಗೆ ಕಾಡಿನ ನಡುವೆ ಒಂದು ಲಾಡ್ಜ್ ಬೇಕು: ಜಗಲಿಯಲ್ಲಿ ಕೂತು ಚಹಾ ಕುಡಿಯಬೇಕು. (ಮುಂಬಯಿ ಕನ್ನಡಿಗರಿಗೆ ಲಾಡ್ಜ್ ಅಂದರೆ ಇವತ್ತಿಗೂ ಮೊದಲು ನೆನಪಾಗುವುದು ಉಡುಪಿಯವರ ‘ಬೋರ್ಡಿಂಗ್ ಆ್ಯಂಡ್ ಲಾಡ್ಜಿಂಗ್’ ಬೋರ್ಡು. ಅದಿರಲಿ.)

ಈ ಜಗಳದಲ್ಲಿ ಎರಡೂ ಕಡೆಯಿಂದ ಬರುವ ವಾದಗಳು ಹೆಚ್ಚಾಗಿ ಯೂಟ್ಯೂಬಿನವು. ನಮ್ಮ ಕಾಡುಗಳ ಲೆಕ್ಕವೇ ಬೇರೆ.

‘ಎರಡರಲ್ಲಿ ಒಂದನ್ನೇ ಆರಿಸಬೇಕು’

ಅಮೆಜಾನಿನಲ್ಲಿ ಇದು ನಿಜವಾದ ಪ್ರಶ್ನೆ. ಪೆರುವಿನ ಇಕಿಟೋಸ್ ಪಟ್ಟಣಕ್ಕೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನದಲ್ಲೋ ದೋಣಿಯಲ್ಲೋ ಹೋಗಬೇಕು. ಅಲ್ಲಿಂದ ಮುಂದೆ ಹಡಗಿನಲ್ಲೇ ಮಲಗುತ್ತಾ ನದಿ ಸುತ್ತಬಹುದು, ಇಲ್ಲವೇ ಒಂದು ಲಾಡ್ಜಿನಲ್ಲಿ ನೆಲೆನಿಂತು ಕಾಡು ನೋಡಬಹುದು. ನಮ್ಮಲ್ಲಿ ಹಾಗೆ ನೀರಿನ ಮೇಲೆ ದಿನಗಟ್ಟಲೆ ಇರಬೇಕೆಂದರೆ ಸುಂದರಬನಕ್ಕೆ ಅಥವಾ ಬ್ರಹ್ಮಪುತ್ರಕ್ಕೆ ಹೋಗಬೇಕು. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ಗಂಗಾ ವಿಲಾಸ್ ಹಡಗು ದಿಬ್ರೂಗಢದವರೆಗೆ 51 ದಿನ, ಸುಮಾರು 3,200 ಕಿ.ಮೀ. ಸಾಗುವಂತೆ ಯೋಜಿಸಿದ್ದು. ಇಂಥ ಹಡಗಿನಲ್ಲಿ ಹೋದವರೂ ಕಾಜಿರಂಗದ ಘೇಂಡಾಮೃಗ ನೋಡಲು ಹಡಗಿನಿಂದ ಇಳಿದು ಜೀಪು ಹತ್ತಲೇಬೇಕು.

ಕರ್ನಾಟಕದ ಹುಲಿ ಮೀಸಲು ಕಾಡುಗಳಲ್ಲಿ ರಾತ್ರಿ ಮಲಗುವ ದೋಣಿ ಎಂಬುದೇ ಇಲ್ಲ. ಇಲ್ಲಿ ಲಾಡ್ಜಿಗೆ ಹೋದವರೇ ದೋಣಿಯನ್ನೂ ಹತ್ತುತ್ತಾರೆ. 1980ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ಕಬಿನಿ ತಾಣದಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಬಂದು ಊಟ ಮಾಡಿ, ಸಂಜೆ ಒಂದು ಸಫಾರಿ, ಮರುದಿನ ಬೆಳಿಗ್ಗೆ ಇನ್ನೊಂದು. ಒಂದು ಜೀಪಿನಲ್ಲಿ, ಒಂದು ದೋಣಿಯಲ್ಲಿ. ಊಟ, ವಸತಿ, ಸಫಾರಿ ಎಲ್ಲ ಸೇರಿಸಿ ದರ ಹೇಳುತ್ತಾರೆ. ನಮ್ಮವರು ಎಡವುವುದು ಇಲ್ಲೇ: ಅದು ಕೋಣೆಗೆ ಅಲ್ಲ, ತಲೆಗೆ. ನಾಲ್ಕು ಜನರ ಸಂಸಾರ ಒಂದು ಕೋಣೆಯ ಬಾಡಿಗೆ ಅಂದುಕೊಂಡು ಹೊರಟರೆ ಬಿಲ್ಲು ನೋಡಿದಾಗ ಹುಲಿ ನೋಡಿದಷ್ಟೇ ಬೆಚ್ಚಿಬೀಳಬೇಕಾಗುತ್ತದೆ.

‘ನೀರಿನ ಮೇಲೆ ಹೋದರೆ ಪ್ರಾಣಿ ಹತ್ತಿರ ಸಿಗುತ್ತವೆ’

ಇದನ್ನು ಪರೀಕ್ಷಿಸಲು ಕಬಿನಿಯವರೆಗೆ ಹೋಗಬೇಕಿಲ್ಲ. ಐರೋಲಿಗೆ ಹೋದರೆ ಸಾಕು.

ಥಾಣೆ ಖಾಡಿಯನ್ನು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿದರು. 1,690 ಹೆಕ್ಟೇರಿಗೂ ಮಿಕ್ಕ ಜಾಗ, ಅರ್ಧಕ್ಕಿಂತ ಹೆಚ್ಚು ಕಾಂಡ್ಲಾ ಕಾಡು, ಉಳಿದದ್ದು ನೀರು. 2022ರಲ್ಲಿ ಅದು ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸರ್ ಪಟ್ಟಿಗೂ ಸೇರಿತು. ಚಳಿಗಾಲದಿಂದ ಮೇ ಕೊನೆಯವರೆಗೆ ಫ್ಲೆಮಿಂಗೊಗಳು ಇಲ್ಲಿ ಕೆಸರಿನಲ್ಲಿ ಕೊಕ್ಕು ತಲೆಕೆಳಗಾಗಿಸಿ ಪಾಚಿ ಸೋಸಿ ತಿನ್ನುತ್ತವೆ. ಅವುಗಳ ಗುಲಾಬಿ ಬಣ್ಣ ಆ ಆಹಾರದಿಂದಲೇ ಬಂದದ್ದು. ಮರಿಗಳು ಬೂದು ಬಣ್ಣದವು. ಗುಲಾಬಿಯಲ್ಲದ ಫ್ಲೆಮಿಂಗೊ ಕಂಡರೆ ಕಾಯಿಲೆ ಬಿದ್ದಿದೆ ಅಂದುಕೊಳ್ಳಬೇಡಿ.

ಐರೋಲಿಯ ಕಡಲತೀರ ಜೀವವೈವಿಧ್ಯ ಕೇಂದ್ರದಿಂದ ದೋಣಿ ಹೊರಡುತ್ತದೆ. ಅದರ ಸಮಯವನ್ನು ಗಡಿಯಾರವಲ್ಲ, ಭರತ-ಇಳಿತ ನಿರ್ಧರಿಸುತ್ತದೆ. ನಮ್ಮ ಮರಾಠಿ ನೆರೆಯವರ ಬಾಯಲ್ಲಿ ಭರತಿ-ಓಹೋಟಿ. ನೀರು ಪೂರ್ತಿ ಇಳಿದಾಗ ಕೆಸರು ಮೇಲೆದ್ದು ದೋಣಿಗೆ ದಾರಿಯಿರುವುದಿಲ್ಲ. ನೀರು ಪೂರ್ತಿ ಏರಿದಾಗ ದೋಣಿ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಆದರೆ ಹಕ್ಕಿಗೆ ನಿಲ್ಲಲು ನೆಲವಿರುವುದಿಲ್ಲ. ಅವು ಹಾರಿ ನೇರೂಳದ ಕಡೆಯ ತಗ್ಗುಕೆರೆಗಳಿಗೆ ಹೋಗುತ್ತವೆ. ಆ ಹೊತ್ತಿಗೆ ಅಲ್ಲಿನ ಟಿ.ಎಸ್. ಚಾಣಕ್ಯ ನೌಕಾ ತರಬೇತಿ ಸಂಸ್ಥೆಯ ಹಿಂದಿನ ದಡದಲ್ಲಿ, ಚಪ್ಪಲಿಗೆ ಕೆಸರೂ ಅಂಟದಂತೆ ನಿಂತವನಿಗೆ ದೋಣಿಯವನಿಗಿಂತ ಹತ್ತಿರದಲ್ಲಿ ಹಕ್ಕಿ ಕಾಣುತ್ತವೆ. ನಡುವಿನ ಹೊತ್ತು, ನೀರು ಅರ್ಧ ಇಳಿದು ಕೆಸರಿನ ಅಂಚು ತೆರೆದುಕೊಂಡಾಗ, ದೋಣಿಯವನ ಪಾಲಿನದು. ಭರತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹಾಗಾಗಿ ‘ಹೋದ ಭಾನುವಾರ ಒಂಬತ್ತಕ್ಕೆ ಹೋಗಿ ನೋಡಿದೆವು, ನೀವೂ ಒಂಬತ್ತಕ್ಕೇ ಹೋಗಿ’ ಎಂಬ ಸಲಹೆಯನ್ನು ನಂಬಿ ಹೊರಟವರು ಈ ಭಾನುವಾರ ಬರೀ ನೀರು ನೋಡಿ ಬರುತ್ತಾರೆ.

ದೋಣಿ ಒಳ್ಳೆಯದೋ ದಡ ಒಳ್ಳೆಯದೋ ಎನ್ನುವುದು ಥಾಣೆ ಖಾಡಿಯಲ್ಲಿ ಗಂಟೆಗೊಮ್ಮೆ ಬದಲಾಗುವ ಉತ್ತರ. ಕಬಿನಿಯಲ್ಲಿ ಅದೇ ಉತ್ತರ ತಿಂಗಳಿಗೊಮ್ಮೆ ಬದಲಾಗುತ್ತದೆ.

‘ಕಬಿನಿಯಲ್ಲಿ ನದಿ ವಿಹಾರ’

ಅದು ನದಿಯಲ್ಲ, ಹಿನ್ನೀರು. ಈ ಒಂದು ಮಾತು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. 1974ರಲ್ಲಿ ಬೀಚನಹಳ್ಳಿ ಬಳಿ ಅಣೆಕಟ್ಟು ಮುಗಿದಾಗ ನಾಗರಹೊಳೆ ಮತ್ತು ಬಂಡೀಪುರ ಕಾಡುಗಳ ನಡುವಿನ ಕಣಿವೆ ಮುಳುಗಿತು. ಮೈಸೂರು ಅರಸರ ಕಾಲದಿಂದ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆಯ ಸೀಮೆ ಇದು. ಕೊನೆಯ ಖೆಡ್ಡಾ 1971ರಲ್ಲಿ. ಆನೆಗಳು ಮಾತ್ರ ಜಾಗ ಮರೆಯಲಿಲ್ಲ.

ವಯನಾಡಿನ ಮಳೆಗೆ ಕಬಿನಿ ಜಲಾಶಯ ಬೇಗ ತುಂಬುತ್ತದೆ. ತುಂಬಿದಾಗ ನೀರು ಮರದ ಬುಡದವರೆಗೆ ಬರುತ್ತದೆ, ಬಯಲು ಉಳಿಯುವುದಿಲ್ಲ. ಕಾಡಿನೊಳಗಿನ ಹಳ್ಳಕೊಳ್ಳಗಳಲ್ಲೂ ನೀರಿರುವಾಗ ಆನೆ ದಡಕ್ಕೆ ಯಾಕೆ ಬಂದೀತು? ಆಗ ದೋಣಿಯಲ್ಲಿ ಹೋದರೆ ದೃಶ್ಯ ಚೆಂದ, ಫೋಟೊ ಚೆಂದ, ಪ್ರಾಣಿ ಕಡಿಮೆ. ಬೇಸಿಗೆ ಬರುತ್ತಿದ್ದಂತೆ ನೀರಾವರಿಗೆ, ಕುಡಿಯಲು ನೀರು ಹರಿದು ಜಲಾಶಯ ತಗ್ಗುತ್ತದೆ. ಮುಳುಗಿದ್ದ ನೆಲ ಮೇಲೆದ್ದು ಎಳೆ ಹುಲ್ಲು ಚಿಗುರುತ್ತದೆ. ಒಳಗಿನ ಕೆರೆಗಳು ಒಣಗಿರುತ್ತವೆ. ಮಾರ್ಚ್‌ನಿಂದ ಮೇವರೆಗೆ ಸುತ್ತಲ ಕಾಡಿನ ಆನೆಗಳು ಹಿಂಡುಹಿಂಡಾಗಿ ಈ ಹುಲ್ಲಿಗೆ, ಈ ನೀರಿಗೆ ಬಂದು ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಕಾಣುವ ಜಾಗಗಳು ಬೆರಳೆಣಿಕೆಯಷ್ಟು. ಆಗ ದೋಣಿಗೆ ಸಮನಾದದ್ದು ಇನ್ನೊಂದಿಲ್ಲ. ನೀರಿನ ಕಡೆಯಿಂದ ಬರುವವರನ್ನು ಆನೆ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊಸಳೆ, ನೀರುನಾಯಿ, ಮೀನುಗಿಡುಗ ಎಲ್ಲ ಅದೇ ಸುತ್ತಿನಲ್ಲಿ. ಆದರೆ ಹುಲಿ, ಚಿರತೆಯೇ ಬೇಕೆಂದು ಹಟ ಹಿಡಿದವರು ಜೀಪನ್ನೇ ನಂಬಬೇಕು. ಹುಲಿ ಈಜುವುದನ್ನು ದೋಣಿಯಿಂದ ಕಂಡವರಿದ್ದಾರೆ, ಲಾಟರಿ ಹೊಡೆದವರೂ ಇದ್ದಾರೆ.

ಕನ್ನಡ ಪತ್ರಿಕೆಗಳು ಮೊದಲಿನಿಂದಲೂ ಅಚ್ಚು ಹಾಕುತ್ತಿರುವ ಒಂದು ಸಣ್ಣ ಕೋಷ್ಟಕವಿದೆ: ಜಲಾಶಯಗಳ ನೀರಿನ ಮಟ್ಟ. ಅದು ರೈತರಿಗೆಂದು ನಾವು ಪುಟ ಮಗುಚುತ್ತೇವೆ. ಕಬಿನಿಯ ಗರಿಷ್ಠ ಮಟ್ಟ 2,284 ಅಡಿ. ಇಂದಿನ ಮಟ್ಟ ಅದಕ್ಕೆ ಅಂಟಿಕೊಂಡಿದ್ದರೆ ಜೀಪು. ತೀರಾ ಕೆಳಗಿಳಿದಿದ್ದರೆ ದೋಣಿ. ಯಾವ ಟ್ರಾವೆಲ್ ಏಜೆಂಟನೂ ಇದಕ್ಕಿಂತ ಒಳ್ಳೆಯ ಸಲಹೆ ಕೊಡಲಾರ.

ಲಕ್ಕವಳ್ಳಿಯ ಭದ್ರಾ ಹಿನ್ನೀರಿನದೂ ಇದೇ ಕತೆ, ಪಾತ್ರ ಮಾತ್ರ ಬೇರೆ. ನೀರು ಇಳಿದು ನಡುಗಡ್ಡೆಗಳು ತಲೆಯೆತ್ತಿದ ಮೇಲೆ ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಮೊಟ್ಟೆಯಿಡುತ್ತವೆ. ಅಲ್ಲಿನ ಲಾಡ್ಜಿಗೆ ಆ ಹಕ್ಕಿಯ ಹೆಸರೇ ಇದೆ. ಮಳೆಗಾಲದಲ್ಲಿ ಹೋದವರಿಗೆ ಲಾಡ್ಜ್ ಇರುತ್ತದೆ, ನಡುಗಡ್ಡೆ ಇರುವುದಿಲ್ಲ.

‘ಮಳೆಗಾಲವೇ ಕಾಡಿಗೆ ಸರಿಯಾದ ಕಾಲ’

ಮಾಳಶೇಜ್ ಘಾಟಿಯ ಮಳೆ ನೋಡಿ ಬೆಳೆದ ನಮಗೆ ಈ ನಂಬಿಕೆ ಸಹಜ. ಹಸಿರು ನೋಡಲು ಸರಿ. ಪ್ರಾಣಿಗಳನ್ನು ಅದೇ ಹಸಿರು ಮುಚ್ಚಿಡುತ್ತದೆ. ಇದಕ್ಕಿಂತ ಸ್ವಾರಸ್ಯದ ತಪ್ಪು ರ‍್ಯಾಫ್ಟಿಂಗ್ ವಿಷಯದಲ್ಲಿ ಆಗುತ್ತದೆ. ಹೊಳೆಯಲ್ಲಿ ನೀರು ಮಳೆಗಾಲದಲ್ಲೇ ತಾನೇ ಹೆಚ್ಚು, ಹಾಗಾಗಿ ದಾಂಡೇಲಿಗೆ ಜುಲೈಯಲ್ಲಿ ಹೋಗೋಣ ಎನ್ನುತ್ತಾರೆ. ಆದರೆ ದಾಂಡೇಲಿ ಕಡೆಯ ರ‍್ಯಾಫ್ಟಿಂಗ್ ನಡೆಯುವ ಗಣೇಶಗುಡಿಯಲ್ಲಿ ಕಾಳಿ ನದಿಗೆ ನೀರು ಬರುವುದು ಮೇಲಿನ ಸೂಪಾ ಅಣೆಕಟ್ಟಿನಿಂದ. ವಿದ್ಯುತ್ತಿಗಾಗಿ ಬಿಟ್ಟ ನೀರೇ ರ‍್ಯಾಫ್ಟಿನ ನೀರು. ಆದ್ದರಿಂದ ಅಲ್ಲಿನ ಕಾಲ ಮಳೆ ಮುಗಿದ ಮೇಲೆ, ಬೇಸಿಗೆಯವರೆಗೆ. ಉಡುಪಿ ಜಿಲ್ಲೆಯ ಸೀತಾನದಿಗೆ ಅಂಥ ಅಣೆಕಟ್ಟಿಲ್ಲ; ಅಲ್ಲಿ ರ‍್ಯಾಫ್ಟಿಂಗ್ ಮಳೆಗಾಲದಲ್ಲಿ ಮಾತ್ರ. ಊರು ಹೆಬ್ರಿ, ಕಾರ್ಕಳ ಕಡೆಯಿದ್ದು ಮೇ ತಿಂಗಳಲ್ಲಿ ಹೋಗುವವರಿಗೆ ಸೀತೆ ಬಂಡೆಕಲ್ಲು ತೋರಿಸುತ್ತಾಳೆ.

‘ಲಾಡ್ಜಿನ ಬಾಗಿಲಿಗೇ ಹುಲಿ ಬರುತ್ತದೆ’

ಕಬಿನಿಯ ಹೆಸರಾಂತ ವಸತಿಗಳು ಕಾರಾಪುರದಂಥ ಊರುಗಳ ಕಡೆ, ದಟ್ಟ ಕಾಡಿನ ಹೊರಗೆ ಇವೆ. 2012ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಹುಲಿ ಮೀಸಲಿನ ತಿರುಳು ಭಾಗದಲ್ಲಿ ಹೊಸದಾಗಿ ಪಕ್ಕಾ ಪ್ರವಾಸಿ ಕಟ್ಟಡ ಕಟ್ಟುವಂತಿಲ್ಲ. ಲಾಡ್ಜ್ ಎಂದರೆ ಮಲಗಲು, ತಿನ್ನಲು. ಕಾಡು ಸಫಾರಿಯಲ್ಲಿ ಮಾತ್ರ. ಹಾಗೆ ನೋಡಿದರೆ ಥಾಣೆಯ ಯೇವೂರಿನವರು ಪುಣ್ಯವಂತರು ಅಥವಾ ಪಾಪದವರು: ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ಅವರಿಗೆ ಚಿರತೆಯ ನೆರೆ ದುಡ್ಡು ಕೊಡದೆ ಸಿಕ್ಕಿದೆ. ಬೋರಿವಲಿ ಕಡೆಯ ಗೇಟಿನ ‘ಟೈಗರ್ ಸಫಾರಿ’ಯ ಹುಲಿಗಳು ಬೇಲಿಯೊಳಗಿನವು, ಕಾಡಿನವಲ್ಲ, ಅದನ್ನು ನೋಡಿ ಬಂದು ಕಬಿನಿಗೆ ಹೋದ ಮಕ್ಕಳು ‘ಇಲ್ಲಿ ಹುಲಿಯೇ ಇಲ್ಲ’ ಎಂದು ರಾಗ ತೆಗೆಯುತ್ತಾರೆ.

‘ದೋಣಿಯಲ್ಲಿ ಹೆದರಿಕೆಯಿಲ್ಲ’

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ, ಪೆರಿಯಾರ್ ಹುಲಿ ಮೀಸಲಿನೊಳಗಿನ ಹಿನ್ನೀರಿನಲ್ಲಿ, ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿ ಪ್ರಾಣಿ ಕಂಡಿತೆಂದು ಜನ ಒಂದೇ ಪಕ್ಕಕ್ಕೆ ಧಾವಿಸಿದ್ದು ಅದಕ್ಕೆ ಒಂದು ಕಾರಣ ಎಂದು ಆಗ ವರದಿಯಾಯಿತು. ಆನೆ ಕಂಡಾಗ ಕೂತಲ್ಲೇ ಕೂತಿರಿ. ಲೈಫ್ ಜಾಕೆಟ್ಟನ್ನು ತೊಡೆಯ ಮೇಲಲ್ಲ, ಮೈಮೇಲೆ ಹಾಕಿ; ಕಟ್ಟು ಬಿಗಿಯಿರಿ. ಐರೋಲಿಯಲ್ಲೂ ಅಷ್ಟೆ.

ಕೇರಳದ ಮಾತು ಬಂತಾದ್ದರಿಂದ ಇನ್ನೊಂದು: ಆಲಪ್ಪುಳದ ಹೌಸ್‌ಬೋಟ್ ಕಾಡು ತೋರಿಸುವುದಿಲ್ಲ. ಅದು ಸಾಗುವುದು ಗದ್ದೆ, ತೆಂಗಿನ ತೋಟಗಳ ನಡುವೆ.

ಇನ್ನು ನಮ್ಮ ರಜೆಯ ಲೆಕ್ಕ. ಮಹಾರಾಷ್ಟ್ರದ ಶಾಲೆಗಳಿಗೆ ಬೇಸಿಗೆ ರಜೆ ಸಿಗುವ ಮೇ ತಿಂಗಳೇ ಕಬಿನಿಯ ಆನೆಗಳ ತಿಂಗಳು. ಆಗ ಸೆಕೆಗೆ ಹೆದರದೆ ಹೋಗಿ, ದೋಣಿ ತಪ್ಪಿಸಬೇಡಿ. ದೀಪಾವಳಿ ರಜೆಯಲ್ಲಿ ಹೋಗುವವರು ಕಬಿನಿಯ ಬದಲು ಕಾಳಿಯ ಕಡೆ ತಿರುಗುವುದು ಜಾಣತನ. ಧಾರವಾಡದಲ್ಲಿ ಇಳಿದರೆ ದಾಂಡೇಲಿ ಸುಮಾರು 55 ಕಿ.ಮೀ., ಅಲ್ಲಿ ಮಂಗಟ್ಟೆ ಹಕ್ಕಿಗಳೂ ಇವೆ. ದುಡ್ಡು ಕಟ್ಟುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಫೋನ್ ಮಾಡಿ ಕೇಳಿ: ಹುಲಿ ದಾಳಿಯಲ್ಲಿ ಜನ ಸತ್ತ ಮೇಲೆ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ರೈಲಿನ ಮುಂಗಡ ಬುಕಿಂಗ್ ಈಗ 120 ದಿನ ಅಲ್ಲ, 60 ದಿನ ಮೊದಲು ಮಾತ್ರ ತೆರೆಯುತ್ತದೆ. ಮೇ 10ಕ್ಕೆ ಹೊರಡುವವರು ಮಾರ್ಚ್ ಎರಡನೆಯ ವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಕೈಯಲ್ಲಿ ಹಿಡಿದು ಕೂತಿರಬೇಕು.